ಬಾನೆಟ್ಟಿನೊಳಗಿನ ಹಳದಿ ಗೆರೆ

ಅಪ್ಪನ ಹಳೇ ಕಾರನ್ನು ರಿಪೇರಿಗೂ ಹೊಸ ಬಣ್ಣಕ್ಕೂ ಎಂದು ವಿಜಯವಾಡದ ಗ್ಯಾರೇಜಿನಲ್ಲಿ ಬಿಟ್ಟು ವಿಶಾಖಪಟ್ಟಣಕ್ಕೆ ಮರಳಿ ವಾರವಾದ ಮೇಲೆ ಥಟ್ಟನೆ ನೆನಪಾಯಿತು. ಬಾನೆಟ್ಟಿನೊಳಗೆ, ಜೋಡಣೆ ಮುಗಿದ ಗುರುತಿಗೆಂದು ಕಾರ್ಖಾನೆಯವರು ಯಾರೋ ಬಣ್ಣದಲ್ಲಿ ಎಳೆದ ಹಳದಿ ಗೆರೆಯೊಂದಿತ್ತು. ಕಾರಿನ ಹುಟ್ಟುಮಚ್ಚೆ ಎಂದು ಅಪ್ಪ ಅದನ್ನು ಒರೆಸಲು ಬಿಡುತ್ತಿರಲಿಲ್ಲ. ಅದನ್ನು ಅಳಿಸಬೇಡಿ ಎಂದು ಗ್ಯಾರೇಜಿನ ಮೇಸ್ತ್ರಿಗೆ ಹೇಳುವುದನ್ನೇ ಮರೆತಿದ್ದೆ! ಮೇಸ್ತ್ರಿ ಫೋನೆತ್ತಲಿಲ್ಲ. ಮರುದಿನವೇ ವಿಜಯವಾಡದ ರೈಲು ಹತ್ತಿ, ದಾರಿಯುದ್ದಕ್ಕೂ ಗುರುರಾಯರನ್ನು ನೆನೆಯುತ್ತಾ ಹೋದೆ.

ಬಾನೆಟ್ ಎತ್ತಿದರೆ ಎಲ್ಲವೂ ಹೊಸ ಬಣ್ಣದಲ್ಲಿ ಫಳಫಳ. ಅಂಗೈಯಗಲ ಜಾಗ ಮಾತ್ರ ಹಳೆಯದು. ಅಲ್ಲೇ ಹಳದಿ ಗೆರೆ, ಪಕ್ಕದಲ್ಲಿ ಕುಂಕುಮದ ಬೊಟ್ಟು.

“ಪೂಜೆಯ ಅರಿಶಿನ ಅಲ್ವಾ ಸಾರ್, ಅದಕ್ಕೇ ಮುಟ್ಟಲಿಲ್ಲ,” ಎಂದರು ಮೇಸ್ತ್ರಿ ತೆಲುಗಿನಲ್ಲಿ, ಅಳುಕುತ್ತಾ. “ದಿನಾ ಕುಂಕುಮ ಇಟ್ಟೇ ಕೆಲಸ ಶುರು ಮಾಡ್ತಿದ್ದೆ. ಅಳಿಸಬೇಕಿತ್ತಾ?”

“ಅಯ್ಯೋ, ಬೇಡಪ್ಪಾ!”

ಅದು ಕಾರ್ಖಾನೆಯ ಗುರುತೆಂಬ ನಿಜವನ್ನು ನನ್ನಲ್ಲೇ ಇಟ್ಟುಕೊಂಡೆ. ಈಗ ಪ್ರತಿ ಗುರುವಾರ ನಾನೂ ಅಲ್ಲಿಗೊಂದು ಹೂವಿಡುತ್ತೇನೆ. ಗೆರೆ ಎಳೆದ ಪುಣ್ಯಾತ್ಮ ಯಾವ ದೇವರ ಒಕ್ಕಲೋ, ಕಾಣೆ.