ಹನ್ನೆರಡು ವಾರದ ಚೀಟಿ

ಶಿರಾಳಕೊಪ್ಪದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಅವತ್ತು ಆನವಟ್ಟಿ ಕಡೆಯ ಅತ್ತೆ, ಸೊಸೆ ಬಂದಿದ್ದರು. ಸೊಸೆಯ ರಟ್ಟೆಯಲ್ಲಿ ಮೂರು ತಾಯಿತ. ರಬ್ಬರ್ ಪಟ್ಟಿ ಬಿಗಿಯಲು ಜಾಗವೇ ಇಲ್ಲ.

"ಇವನ್ನ ಸ್ವಲ್ಪ ಬಿಚ್ಚಮ್ಮ," ಅಂದೆ.

"ಬಿಚ್ಚಬಾರದು ರೀ," ಅಂದರು ಅತ್ತೆ. "ಬಸುರಿ ಆದಾಗೆಲ್ಲ ಒಂದೊಂದು ಕಟ್ಟಿಸೀವಿ."

ಮೂರೂ ಬಸಿರು ನಿಂತಿರಲಿಲ್ಲ. ಮೈ ಕಾಯಬೇಕಾದ ಪ್ರತಿಕಾಯಗಳೇ ದಾರಿ ತಪ್ಪಿ, ರಕ್ತ ಹೆಪ್ಪುಗಟ್ಟಿಸಿ ಕೂಸನ್ನು ಕಳೆಯುತ್ತಿವೆಯೇನೋ ಎಂದು ಡಾಕ್ಟರಿಗೆ ಅನುಮಾನ. ಅದಕ್ಕೇ ಈ ಪರೀಕ್ಷೆ. ತಾಯಿತಗಳನ್ನು ಮೇಲಕ್ಕೆ ಸರಿಸಿ ಹೇಗೋ ರಕ್ತ ತೆಗೆದೆ. ಆಮೇಲೆ ಎಂದಿನಂತೆ ನಿಯಮ ಒಪ್ಪಿಸಿದೆ: "ದೋಷ ಕಂಡರೂ ಒಂದೇ ಸಲಕ್ಕೆ ನಂಬೋ ಹಾಗಿಲ್ಲ. ಹನ್ನೆರಡು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು."

"ಮೂರು ಸಲ ಹೋಗಿದ್ದು ಸಾಲಲ್ಲೇನ್ರೀ, ನಂಬೋಕೆ?" ಅತ್ತೆಯ ದನಿ ಏರಿತು.

ಸೊಸೆ ಬೆರಳು ಮಡಚಿ ಎಣಿಸಿದಳು. "ಹನ್ನೆರಡು ವಾರ ಬಾಳ ಆತು ರೀ. ನನ್ನ ಹೊಟ್ಟೇಲಿ ಒಂದೂ ಅಷ್ಟು ದಿನ ಇರಲಿಲ್ಲ."

ಮುಂದಿನ ತಾರೀಖು ಬರೆದ ಚೀಟಿ ಚಾಚಿದೆ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು, ಸಣ್ಣಗೆ ಮಡಚಿ, ಸೊಸೆಯ ತಾಯಿತದ ದಾರಕ್ಕೆ ಸಿಕ್ಕಿಸಿದರು.

ನಮ್ಮ ಲ್ಯಾಬಿನದೂ ಒಂದಾಯಿತು.