ಎಲ್ಲರೂ ದನಿ ತಗ್ಗಿಸಿದ ವರ್ಷ

ಮೊದಲು ಬಂದದ್ದು ಗುಂಯ್ ಎನ್ನುವ ಸದ್ದು. ಎಡಗಿವಿಯಲ್ಲಿ. ಅದಿರಿನ ಕ್ರಷರ್ ಮೇಲೆ ಆಪರೇಟರ್ ಆಗಿ ಆಗಲೇ ನಾಲ್ಕು ವರ್ಷ ಕಳೆದಿದ್ದವು. ಹಗಲೆಲ್ಲ ಆ ಗದ್ದಲದಲ್ಲಿ ನಿಂತವನಿಗೆ ಮನೆಗೆ ಬಂದ ಮೇಲೂ ಒಂದಿಷ್ಟು ಸದ್ದು ಉಳಿಯುವುದು ಸಹಜ, ಕೆಂಪು ಧೂಳಿನಂತೆ ಇದೂ ಹೋಗುತ್ತದೆ ಎಂದುಕೊಂಡೆ.

ಹೋಗಲಿಲ್ಲ.

ಆಮೇಲೆ ಜನ ನನ್ನೆದುರು ದನಿ ತಗ್ಗಿಸಿದರು. ನನಗೆ ಹಾಗೇ ಅನಿಸಿತು. ಕುರುಗೋಡಿನ ನಮ್ಮ ಮನೆಯಲ್ಲಿ ಹೆಂಡತಿ ಶಾಹಿದಾ ತನ್ನ ತಮ್ಮನ ಜೊತೆ ಅಡುಗೆಮನೆಯಲ್ಲಿ ತುಟಿಯಾಡಿಸುತ್ತಿದ್ದಳು. ನಾನು ಒಳಗೆ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಪ್ಲಾಂಟಿನಲ್ಲಿ ನನ್ನ ಪಾಳಿಯ ಜೊತೆಗಾರ, ಹಚ್ಚೊಳ್ಳಿಯ ಈರಣ್ಣ, ಸೂಪರ್‌ವೈಸರ್ ಹತ್ತಿರ ನಿಂತು ನನ್ನ ಕಡೆ ನೋಡಿ ನಗುತ್ತಿದ್ದ. ನಿನ್ನೆಯವರೆಗೆ ಗೊತ್ತಿದ್ದವರು ಅದಿರಿನ ದುಡ್ಡಿನಲ್ಲಿ ಹೊಸ ಗಾಡಿ ಹತ್ತಿ ಇವತ್ತು ಬೇರೆಯವರೇ ಆಗುತ್ತಿದ್ದ ಕಾಲ ಅದು. ಅನುಮಾನಕ್ಕೆ ಕಾರಣ ಹುಡುಕಬೇಕಿರಲಿಲ್ಲ. ಕೇಳಿಸದ ಪ್ರತಿ ಮಾತಿನ ಜಾಗದಲ್ಲಿ ನಾನೇ ಒಂದು ಮಾತು ಇಟ್ಟುಕೊಂಡೆ. ಅದು ಯಾವಾಗಲೂ ನನ್ನ ವಿರುದ್ಧದ ಮಾತೇ ಆಗಿರುತ್ತಿತ್ತು. ಈರಣ್ಣನಿಂದ ಶುರುವಾದದ್ದು ಶಾಹಿದಾಳವರೆಗೆ ಬಂತು, ಕೊನೆಗೆ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಹಬ್ಬಿತು. ಮನುಷ್ಯರೇ ಹೀಗೆ ಎಂದು ತೀರ್ಮಾನಿಸಿದೆ. ಆ ತೀರ್ಮಾನದಲ್ಲಿ ಒಂಥರಾ ನೆಮ್ಮದಿಯೂ ಇತ್ತು. ಇನ್ನು ಯಾರ ಮಾತನ್ನೂ ಕಿವಿಗೊಟ್ಟು ಕೇಳುವ ಕಷ್ಟವಿರಲಿಲ್ಲ.

ಶಾಹಿದಾ ಬಡಿಸಿದ ಅನ್ನವನ್ನು ಮೊದಲು ಅವಳಿಗೇ ತಿನ್ನಲು ಹೇಳಿದೆ. ತಿಂದಳು. ಏನೂ ಅನ್ನಲಿಲ್ಲ. ಅಥವಾ ಅಂದದ್ದು ನನಗೆ ಕೇಳಲಿಲ್ಲ.

ಒಂದು ಮಧ್ಯಾಹ್ನ ಪ್ಲಾಂಟಿನ ಗೇಟಿನ ಹತ್ತಿರ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದರು. ಬಿದ್ದೆ. ತಿರುಗಿದರೆ ಈರಣ್ಣ. ಕೊನೆಗೂ ಮೈಮೇಲೆ ಬಂದ ಎಂದುಕೊಂಡು, ಕೈಯಲ್ಲಿದ್ದ ಸ್ಪ್ಯಾನರಿನಿಂದ ಅವನ ಮುಖಕ್ಕೆ ಹೊಡೆದೆ.

ಆಮೇಲೆ ಲಾರಿ ಕಂಡಿತು.

ನಾನು ನಿಂತಿದ್ದ ಜಾಗಕ್ಕೇ ಅದು ರಿವರ್ಸ್ ಬಂದು ನಿಂತಿತ್ತು. ಕ್ಲೀನರ್ ಕೂಗುತ್ತಲೇ ಇದ್ದನಂತೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಈರಣ್ಣನ ದವಡೆಗೆ ವೈರ್ ಹಾಕಿದರು. ಅವನು ಕಂಪ್ಲೇಂಟ್ ಕೊಡಲಿಲ್ಲ. ನೋಡಲು ಹೋದ ಶಾಹಿದಾಳ ಕೈಗೆ ಒಂದು ಚೀಟಿ ಬರೆದುಕೊಟ್ಟ: ಇವನ ಕಿವಿ ತೋರಿಸ್ರಿ. ಇಎನ್‌ಟಿ ಡಾಕ್ಟರ್ ಆಡಿಯೊಗ್ರಾಂ ಎಂಬ ಕಿವಿಯ ಪರೀಕ್ಷೆ ಮಾಡಿಸಿದರು. ಎರಡೂ ಕಿವಿಯ ನರ ಬಹುಪಾಲು ಸತ್ತಿತ್ತು. ಹೋದದ್ದು ಮರಳುವುದಿಲ್ಲ, ಹಿಯರಿಂಗ್ ಏಡ್ ಹಾಕಿದರೆ ಉಳಿದದ್ದು ಉಪಯೋಗಕ್ಕೆ ಬರುತ್ತದೆ ಎಂದರು.

ಕಿವಿಗೆ ಯಂತ್ರ ಬಂತು. ಅನುಮಾನ ಪೂರ್ತಿ ಹೋಗಿಲ್ಲ. ಈಗಲೂ ದೂರದಲ್ಲಿ ಇಬ್ಬರು ನಕ್ಕರೆ ನನ್ನ ಬಗ್ಗೆಯೇ ಇರಬೇಕು ಎಂದು ಅವರ ತುಟಿ ನೋಡುತ್ತೇನೆ. ಕಿವಿ ಹಾಳಾದದ್ದಕ್ಕೆ ರಿಪೋರ್ಟ್ ಇದೆ. ಅಷ್ಟು ಸುಲಭವಾಗಿ ಎಲ್ಲರನ್ನೂ ದ್ವೇಷಿಸಿದ್ದು ಕಿವಿಯೊಂದರ ಕೆಲಸವೇ ಎಂಬುದಕ್ಕೆ ಯಾವ ಟೆಸ್ಟೂ ಇಲ್ಲ.

ಹೋದ ತಿಂಗಳು ಹಚ್ಚೊಳ್ಳಿಗೆ ಹೋದೆ. ಈರಣ್ಣ ಮನೆಯ ಕಟ್ಟೆಯ ಮೇಲಿದ್ದ. ದವಡೆ ಒಂದು ಕಡೆ ವಾಲಿದೆ. ತಪ್ಪಾಯಿತು ಎಂದೆ. ಸಿಟ್ಟು ಇದೆಯೇ ಎಂದು ಕೇಳಿದೆ.

"ಐತಿ," ಎಂದ. "ಕುಂದ್ರು."

ಕೂತೆ. ಅವನು ಇನ್ನೇನೋ ಹೇಳಿದ. ಅವನ ದವಡೆ ಹಾಗೆ, ನನ್ನ ಕಿವಿ ಹೀಗೆ, ಅರ್ಧವೂ ತಿಳಿಯಲಿಲ್ಲ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದೆ. ಅಲ್ಲಿಯವರೆಗೆ ನಾನು ಯಾರನ್ನೂ ಹಾಗೆ ಕೇಳಿರಲಿಲ್ಲ.

ಅವನು ನನ್ನ ಕಡೆ ತಿರುಗಿ, ನಿಧಾನವಾಗಿ ಹೇಳಿದ: "ಹೊಡಿಯೋ ಮುಂದ ನಿನ್ನ ಮುಖ ನೋಡಿದ್ನಿ. ವೈರೀನ್ನ ನೋಡಿದಂಗ ನೋಡಿದಿ, ನನ್ನ ಗುರುತಾ ಇರಲಿಲ್ಲ ನಿನಗ."

ಪೂರ್ತಿ ಕೇಳಿಸಿತು. ಬಿಸಿಲು ಇಳಿಯುವವರೆಗೆ ಅವನ ಪಕ್ಕದಲ್ಲೇ ಕೂತಿದ್ದೆ.