ಮೇಣದ ಗಾಡಿಯವನು

ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿ ಸಿದ್ದಮ್ಮನ ಬಾಯಿಗೆ ಹೆದರದವರು ಇರಲಿಲ್ಲ. ಹಣ್ಣು ಕೊಯ್ಯುವುದರಲ್ಲಿ ಅವಳದು ಎತ್ತಿದ ಕೈ. ಅಳತೆಯ ಹೊತ್ತಿಗೆ ಮೇಸ್ತ್ರಿ ಡಬ್ಬದೊಳಗೆ ಹಣ್ಣು ಒತ್ತಿ ತುಂಬಿದರೆ, ‘ಏನು ಮಾರಾಯ, ಹೆಂಡ್ತಿಗೆ ತಲೆದಿಂಬು ತುಂಬ್ತಾ ಇದೀಯಾ?’ ಎಂದು ಎಲ್ಲರೆದುರೇ ಕೇಳಿಬಿಡುವಳು. ಮೇಸ್ತ್ರಿ ಕೈ ಹಿಂತೆಗೆಯುತ್ತಿದ್ದ. ಒಮ್ಮೆ ತೋಟದಲ್ಲಿ ಕಾಡುಹಂದಿ ನುಗ್ಗಿದಾಗ ಉಳಿದವರು ಬುಟ್ಟಿ ಬಿಸಾಕಿ ಓಡಿದರೆ, ಇವಳು ತನ್ನ ಬುಟ್ಟಿಯನ್ನು ಸೊಂಟಕ್ಕೆ ಅವುಚಿಕೊಂಡು ಹಂದಿಗೇ ಬೈಯುತ್ತ ನಿಂತಿದ್ದಳಂತೆ. ಹಂದಿ ಕೇಳಿಸಿಕೊಂಡು ಹೋಯಿತು ಎಂದು ಲೈನಿನವರು ನಗುತ್ತಿದ್ದರು.

ಇಂಥ ಹೆಂಗಸು ವರ್ಷದಲ್ಲಿ ಒಂದು ದಿನ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳು. ಅದು ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಹಾಕುವ ದಿನ. ಸತ್ತವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಎಲೆಯ ಮೇಲೆ ಬಡಿಸಿ, ಒಬ್ಬೊಬ್ಬರ ಹೆಸರು ಹಿಡಿದು ಗಟ್ಟಿಯಾಗಿ ಊಟಕ್ಕೆ ಕರೆಯಬೇಕು. ಕರೆಯದೆ ಬಿಟ್ಟರೆ ಸತ್ತವನು ಹಸಿದು ಹೊರಗೇ ನಿಲ್ಲುತ್ತಾನೆ. ಬದುಕಿರುವವನನ್ನು ಕರೆದುಬಿಟ್ಟರೆ ಅವನ ಆಯುಸ್ಸು ಅಲ್ಲಿಗೆ ಮುಗಿಯಿತು. ಸಿದ್ದಮ್ಮನ ಗಂಡ ತಮ್ಮಯ್ಯ ಸತ್ತವರ ಲೆಕ್ಕಕ್ಕೋ ಬದುಕಿರುವವರ ಲೆಕ್ಕಕ್ಕೋ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ತಮ್ಮಯ್ಯ ಎಸ್ಟೇಟಿನ ಗಾಡಿ ಹೊಡೆಯುತ್ತಿದ್ದ. ಈಗ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಲಾರಿಯಲ್ಲಿ ಘಾಟಿ ಇಳಿಯುತ್ತದೆ. ಆಗೆಲ್ಲ ಎತ್ತಿನ ಗಾಡಿಗಳು ಸಾಲುಗಟ್ಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಿತ್ತು. ಮದುವೆಯಾಗಿ ಇನ್ನೂ ಮಕ್ಕಳಾಗಿರಲಿಲ್ಲ, ಆಗಲೇ ಹಾಗೆ ಹೋದವನು ತಿರುಗಿ ಬರಲಿಲ್ಲ. ಜೊತೆಗೆ ಹೋಗಿದ್ದ ಇನ್ನೊಬ್ಬ ಗಾಡಿಯವನು ಭೂತಯ್ಯ ಇಬ್ಬರ ಗಾಡಿಗಳನ್ನೂ ಹೊಡೆದುಕೊಂಡು ಬಂದ. ಬಂಟ್ವಾಳದಲ್ಲಿ ಹೊಳೆಯ ದಂಡೆಯ ಮೇಲೆ ಎತ್ತು ಬಿಚ್ಚಿ ಮಲಗಿದ್ದೆವು, ಬೆಳಗ್ಗೆ ಎದ್ದರೆ ಇವನಿಲ್ಲ, ಎಂದ. ಹೊಳೆ ಎಳೆದುಕೊಂಡಿತು ಎಂದರು ಕೆಲವರು. ಘಾಟಿಯ ಕಳ್ಳರು ಹಿಂಬಾಲಿಸಿ ಬಂದು ಮುಗಿಸಿದರು ಎಂದರು ಇನ್ನು ಕೆಲವರು. ಹಡಗು ಹತ್ತಿ ಬೊಂಬಾಯಿಗೆ ಹೋದ ಎಂದು ಬೇರೆ ಯಾರೋ ಹೇಳಿದರು. ಸಿದ್ದಮ್ಮ ಕೊನೆಯದನ್ನು ಆರಿಸಿಕೊಂಡಳು. ಹೇಳದೆ ಕೇಳದೆ ಬಿಟ್ಟುಹೋದ ಗಂಡ, ಸತ್ತ ಗಂಡನಿಗಿಂತ ವಾಸಿ ಎಂದು ಅವಳಿಗೆ ಕಂಡಿತು.

ಅತ್ತೆ ಮುತ್ತಮ್ಮನಿಗೆ ಹಾಗೆ ಕಾಣಲಿಲ್ಲ. ಪ್ರತಿ ಅಮಾವಾಸ್ಯೆಯಲ್ಲೂ ಅವಳದು ಒಂದೇ ಮಾತು.

‘ಎಲ್ರಿಗೂ ಎಲೆ ಹಾಕ್ತೀವಿ, ಅವನೊಬ್ಬ ಹೊರಗೆ ನಿಂತ್ಕಂಡು ನೋಡ್ತಾ ಇದ್ರೆ ಏನ್ ಮಾಡ್ತೀಯ? ಮೊದ್ಲೇ ಹಸಿವು ತಡೆಯೋನಲ್ಲ ನನ್ ಮಗ.’

‘ಬದುಕಿರೋರ್ನ ಕೊಲ್ಲಕ್ಕೆ ನನ್ ಕೈಲಿ ಆಗಲ್ಲ ಅತ್ತೆ.’

ಹೀಗೆ ಹತ್ತು ಹನ್ನೆರಡು ವರ್ಷ ಕಳೆಯಿತು. ಕೂಡಿಕೆ ಮದುವೆಗೆ ಕೇಳಿಕೊಂಡು ಬಂದ ಒಂದಿಬ್ಬರನ್ನು ಸಿದ್ದಮ್ಮ ಅಂಗಳದಿಂದಲೇ ವಾಪಸು ಕಳಿಸಿದಳು. ಕುಂಕುಮ ಅಳಿಸಲಿಲ್ಲ, ಕೈಬಳೆ ಒಡೆದರೆ ಸಂತೆಯಲ್ಲಿ ಹೊಸದು ಇಡಿಸಿಕೊಂಡು ಬರುತ್ತಿದ್ದಳು. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುತ್ತ, ಆ ಒಂದು ದಿನ ಬಿಟ್ಟರೆ ಉಳಿದ ದಿನಗಳಲ್ಲಿ ತಾಯಿ ಮಗಳಂತೆಯೇ ಇದ್ದರು. ಈಚೆಗೆ ಮುತ್ತಮ್ಮನಿಗೆ ಕಣ್ಣು ಮಂಜಾಗಿತ್ತು. ನಡೆದರೆ ಏದುಸಿರು ಬರುತ್ತಿತ್ತು. ತಾನು ಹೋಗುವುದರೊಳಗೆ ಮಗನಿಗೆ ಒಂದು ತುತ್ತು ಇಟ್ಟು ಹೋಗಬೇಕು ಎಂಬುದೊಂದೇ ಅವಳಿಗೆ ಉಳಿದಿದ್ದ ಆಸೆ.

ಆ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಮೂಡಿಗೆರೆಗೆ ಮೇಣದ ಬೊಂಬೆಗಳು ಬಂದವು. ಹೊಸ ಕಾಫಿ ಬರುವವರೆಗೆ ಖಾಲಿ ಬಿದ್ದಿರುವ ಒಂದು ಗೋಡೌನನ್ನು ಬಾಡಿಗೆಗೆ ಹಿಡಿದು ಯಾರೋ ಭಯಂಕರ ಪ್ರದರ್ಶನ ಇಟ್ಟಿದ್ದಾರೆ, ಕೊಲೆಗಾರರು, ಗಲ್ಲಿಗೇರಿದವರು, ಎಲ್ಲರೂ ಜೀವ ಬಂದ ಹಾಗೇ ಇದ್ದಾರೆ ಎಂದು ಸುದ್ದಿಯಾಯಿತು. ನೋಡಿ ಬಂದ ಗರ್ಭಿಣಿಯೊಬ್ಬಳು ಎರಡು ದಿನ ಅನ್ನ ಬಿಟ್ಟಳಂತೆ. ಇಂಥದ್ದು ಕೇಳಿದ ಮೇಲೆ ಲೈನಿನವರು ಸುಮ್ಮನಿರುತ್ತಾರೆಯೇ? ಸಂತೆಯ ದಿನ ಅರ್ಧ ಲೈನು ಅಲ್ಲಿತ್ತು.

ಪಕ್ಕದ ಮನೆಯ ತಂಗಮ್ಮ ನೋಡಿ ಬಂದವಳೇ ನೇರ ಮುತ್ತಮ್ಮನ ಬಾಗಿಲಿಗೆ ಬಂದಳು. ಅವಳಿಗೆ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡು ಅಭ್ಯಾಸವಿರಲಿಲ್ಲ.

‘ಅಲ್ಲೊಂದು ಬೊಂಬೆ ಐತೆ ಮುತ್ತಮ್ಮಕ್ಕ. ಚಾರ್ಮಾಡಿ ಘಾಟೀಲಿ ಕಳ್ರು ಕೊಂದ ಗಾಡಿಯವ್ನು ಅಂತೆ. ಕಂಬಳಿ ಹೊದ್ದು ಬಿದ್ದವ್ನೆ. ನನ್ ಕಣ್ಣಿಗೆ ನಿಮ್ ತಮ್ಮಯ್ಯನೇ ಅನ್ನಿಸ್ತು.’

ಮುತ್ತಮ್ಮ ಸೊಸೆಯನ್ನು ಹತ್ತಿರ ಕರೆದು ಅವಳ ಮೊಣಕೈ ಹಿಡಿದಳು. ‘ನೀನು ಹೋಗಿ ನೋಡ್ಕಂಡ್ ಬಾ ಮಗ. ಯಾರ್ದಾದ್ರೂ ಮುಖ ನೋಡ್ದೆ ಬೊಂಬೆ ಮಾಡಕ್ಕಾಗುತ್ತಾ? ಅವನೇ ಆದ್ರೆ ಅವನೇ ಅನ್ನು, ಈ ಸಲ ಎಲೆ ಹಾಕಾಣ. ಅಲ್ಲ ಅಂದ್ರೆ ಅಲ್ಲ ಅನ್ನು, ಇನ್ ಯಾವತ್ತೂ ಕೇಳಲ್ಲ. ನಿನ್ ಮಾತೇ ಕೊನೆ.’

ಮುಂದಿನ ಸಂತೆಗೆ ಸಿದ್ದಮ್ಮ ತಂಗಮ್ಮನನ್ನು ಕರೆದುಕೊಂಡು ಮೂಡಿಗೆರೆಗೆ ನಡೆದಳು. ದಾರಿಯುದ್ದಕ್ಕೂ ತಂಗಮ್ಮನೇ ಮಾತಾಡಿದಳು.

ಗೋಡೌನಿನೊಳಗೆ ಹೋದ ವರ್ಷದ ಕಾಫಿಯ ವಾಸನೆ ಇನ್ನೂ ಇತ್ತು. ಕಿಟಕಿಗಳಿಗೆ ಗೋಣಿತಾಟು ಬಿಗಿದು, ಕೆಂಪು ಗಾಜಿನ ಲಾಟೀನು ತೂಗುಹಾಕಿದ್ದರು. ಮೊದಲು ಸಿಕ್ಕಿದವಳು ಗಂಡನಿಗೆ ಹಾಲಿನಲ್ಲಿ ವಿಷ ಹಾಕಿದವಳು. ಕೈಯಲ್ಲಿ ಲೋಟ ಹಿಡಿದು ಸಣ್ಣಗೆ ನಗುತ್ತಿದ್ದಳು. ಅವಳ ಪಕ್ಕ ನೇಣಿಗೆ ಬಿದ್ದವನೊಬ್ಬ, ನಾಲಿಗೆ ಗದ್ದದವರೆಗೆ ಇಳಿದಿತ್ತು. ತಲೆ ಕಡಿಯುವ ಯಂತ್ರದ ಕೆಳಗೆ ಒಂದು ಬುಟ್ಟಿ, ಬುಟ್ಟಿಯಲ್ಲಿ ಕಣ್ಣು ಬಿಟ್ಟುಕೊಂಡ ತಲೆ. ತಂಗಮ್ಮ ಎರಡನೆಯ ಸಲ ನೋಡುತ್ತಿದ್ದರೂ ಮೊದಲಿನಷ್ಟೇ ಕಿರುಚಿದಳು. ಸಿದ್ದಮ್ಮ ಯಾವುದನ್ನೂ ಸರಿಯಾಗಿ ನೋಡದೆ ಮುಂದೆ ಮುಂದೆ ಹೋದಳು.

ಕೊನೆಯ ಮೂಲೆಯಲ್ಲಿ ಗಾಡಿಯ ಮುರಿದ ಚಕ್ರವೊಂದಕ್ಕೆ ಒರಗಿ ಅವನು ಬಿದ್ದಿದ್ದ. ಮೈಮೇಲೆ ಕಂಬಳಿ, ಕತ್ತಿನಲ್ಲಿ ಕೆಂಪು ಗಾಯ, ದಪ್ಪ ಮೀಸೆ. ಸಿದ್ದಮ್ಮ ಕಂಬ ಹಿಡಿದುಕೊಂಡು ಬಗ್ಗಿ ನೋಡಿದಳು. ಅರೆತೆರೆದ ಕಣ್ಣು ನೀಲಿಯಾಗಿತ್ತು. ಕಂಬಳಿ ಸರಿದು ಕಾಣುತ್ತಿದ್ದ ಕಾಲಿಗೆ ಮುಂದಿನ ಭಾಗಕ್ಕೆ ಮಾತ್ರ ಕಂದು ಬಣ್ಣ ಬಳಿದಿದ್ದರು, ಹಿಮ್ಮಡಿ ಸುಣ್ಣದಷ್ಟು ಬೆಳ್ಳಗಿತ್ತು.

ಸಿದ್ದಮ್ಮನಿಗೆ ನಗು ಉಕ್ಕಿತು. ‘ಅಯ್ಯೋ ನಿನ್ನ! ಇವ್ನು ಯಾವ್ದೋ ಬಿಳಿ ದೊರೆ ಕಣೇ ತಂಗಮ್ಮ! ನೀನು ನೋಡಿದ್ದೇನು, ಕಂಬಳೀನಾ?’

ನಗು ಕೇಳಿ ಪ್ರದರ್ಶನದ ಯಜಮಾನ ಬಂದ. ಜಯದೇವಪ್ಪ ಎಂದು ಹೆಸರು, ದಾವಣಗೆರೆ ಕಡೆಯವನು, ಹಿಂದೆ ನಾಟಕದ ಕಂಪನಿ ನಡೆಸಿ ಕೈ ಸುಟ್ಟುಕೊಂಡವನು. ಗುಟ್ಟು ರಟ್ಟಾಯಿತೆಂದು ಅವನೇನೂ ಸಿಟ್ಟಾಗಲಿಲ್ಲ.

‘ಮೆಲ್ಲಗೆ ತಾಯಿ, ಜನ ಕೇಳ್ತಾರೆ. ಇವೆಲ್ಲ ಇಂಗ್ಲಿಷರ ಸೀಮೆಯ ಬೊಂಬೆಗಳು. ಬೆಂಗಳೂರು ದಂಡುಪ್ರದೇಶದಲ್ಲಿ ಒಬ್ಬ ಸಾಹೇಬ ಹರಾಜು ಹಾಕಿದ. ಇವನು ಅವರ ದೇಶದ ಯಾವನೋ ಕೊಲೆಗಾರ. ನಮ್ಮ ಜನಕ್ಕೆ ಅವನನ್ನು ಕಂಡರೆ ಯಾಕೆ ಭಯ ಆಗಬೇಕು? ಅದಕ್ಕೇ ಬಣ್ಣ ಬಳಿದು ಮೀಸೆ ಅಂಟಿಸಿ ನಿಮ್ಮ ಘಾಟಿಯಲ್ಲಿ ಕೊಲೆಯಾದವನನ್ನಾಗಿ ಮಾಡಿದೆ. ಘಾಟಿಯ ಕಳ್ಳರ ಕತೆ ಈ ಕಡೆ ಎಲ್ಲರಿಗೂ ಗೊತ್ತಲ್ಲ.’ ಅವಳ ಕಡೆ ತಿರುಗಿ ಕೇಳಿದ, ‘ನಿಮ್ಮವರು ಯಾರಾದರೂ ಹೋಗಿದ್ದರಾ?’

‘ನಮ್ ಯಜಮಾನ್ರು.’

‘ಹೋದ ಊರಲ್ಲೂ ಒಬ್ಬ ಮುದುಕಪ್ಪ ಬಂದು ಇವನ ಮುಂದೆ ಕೂತು ಅತ್ತ. ಆ ಊರಲ್ಲಿ ಇವನು ಪ್ಲೇಗಿನ ಹೆಣ ಆಗಿದ್ದ.’ ಜಯದೇವಪ್ಪ ಬೊಂಬೆಯ ಮೀಸೆ ಸರಿಮಾಡಿದ. ‘ಬಣ್ಣ, ಕಣ್ಣು ಬಿಡಿ ತಾಯಿ. ಮುಖದ ಅಚ್ಚು ಹೋಲುತ್ತಾ? ನಿಮ್ಮವರು ನೋಡೋಕೆ ಹೆಂಗಿದ್ರು?’

ಹೇಳಲು ಸಿದ್ದಮ್ಮ ಬಾಯಿ ತೆರೆದಳು. ಎತ್ತುಗಳನ್ನು ಕೂಗುವಾಗ ತಮ್ಮಯ್ಯನ ದನಿ ಹೇಗಿತ್ತು ಎಂದು ಕೇಳಿದ್ದರೆ ಹೇಳುತ್ತಿದ್ದಳು. ಗಾಡಿಯ ಮುಂದೆ ನಡೆಯುವ ಅವನ ಬೆನ್ನು ಕಣ್ಣಿಗೆ ಕಟ್ಟಿತ್ತು. ಹಗ್ಗ ಹಿಡಿದು ಗಂಟುಬಿದ್ದ ಕೈ, ಬೀಡಿಯ ವಾಸನೆ, ಒಲೆ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಡುಬು ತಿನ್ನುವ ರೀತಿ, ಎಲ್ಲ ಇದ್ದವು. ಮುಖ ಇರಲಿಲ್ಲ. ಮೂಗು ಉದ್ದವಿತ್ತೋ ಮೊಂಡೋ? ಹುಬ್ಬು ಕೂಡಿದ್ದವೋ? ಅವಳು ಬೊಂಬೆಯನ್ನು ಮತ್ತೆ ನೋಡಿದಳು. ಈ ಮೂಗಿನ ಹಾಗಿರಲಿಲ್ಲ ಎಂದು ಹೇಳಲೂ ಅವಳಿಂದ ಆಗಲಿಲ್ಲ.

‘ಹೆಂಗಿದ್ರು?’ ಜಯದೇವಪ್ಪ ಇನ್ನೊಮ್ಮೆ ಕೇಳಿದ.

ಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದುಬಿಟ್ಟಳು. ಗೋಡೌನಿನಲ್ಲಿ ಅಷ್ಟೆಲ್ಲ ಭಯಂಕರಗಳ ನಡುವೆ ಹೆದರದವಳಿಗೆ ಹೊರಗಿನ ಬಿಸಿಲಿನಲ್ಲಿ ಹೆದರಿಕೆಯಾಯಿತು.

ದಾರಿಯಲ್ಲಿ ಸಿದ್ದಮ್ಮ ತಂಗಮ್ಮನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು. ಇಷ್ಟು ವರ್ಷ ಒಬ್ಬನನ್ನು ಕಾದೆ, ಕಾದೆ ಎಂದು ತಾನೇ ಬೀಗಿದ್ದಳು. ಯಾರನ್ನು ಕಾದದ್ದು? ಅವನು ನಾಳೆಯೇ ಬಂದು ಬಾಗಿಲಲ್ಲಿ ನಿಂತರೆ, ಯಾರು ಬೇಕಾಗಿತ್ತು ಎಂದು ಕೇಳಬೇಕಾಗುತ್ತಿತ್ತು. ಗಂಡನನ್ನು ಬದುಕಿಸಿ ಇಟ್ಟುಕೊಂಡಿದ್ದೇನೆ ಎಂದುಕೊಂಡವಳ ಕೈಯಿಂದಲೇ ಅವನು ದಿನದಿನಕ್ಕೂ ಸ್ವಲ್ಪ ಸ್ವಲ್ಪವಾಗಿ ಹೋಗಿದ್ದ. ಅವಳಿಗೆ ಇದು ತಾಳಲಾರದ ದುಃಖವಾಯಿತು.

ಮುತ್ತಮ್ಮ ಬಾಗಿಲಲ್ಲೇ ಕೂತಿದ್ದಳು. ಹೆಜ್ಜೆಯ ಸದ್ದಿಗೆ ತಲೆಯೆತ್ತಿದಳು.

‘ಅವನೇನಾ?’

ಅಲ್ಲ ಎಂದರೆ ನಿಜವೇ ಆಗುತ್ತಿತ್ತು. ಎಂದಿನಂತೆ ಮುಂದುವರಿಯಬಹುದಿತ್ತು. ಸಿದ್ದಮ್ಮ ಅತ್ತೆಯ ಕಾಲ ಬಳಿ ಕುಸಿದು ಕೂತಳು.

‘ಬೊಂಬೆ ಅವ್ರದ್ದಲ್ಲ ಅತ್ತೆ. ಯಾವ್ದೋ ಬಿಳಿ ಮನುಷ್ಯಂದು. ಆದ್ರೆ ನಂಗೆ... ನಂಗೆ ಅವ್ರ ಮುಖ ಮರ್ತೋಗೈತೆ. ಎಷ್ಟು ತಿಣುಕಿದ್ರೂ ಬರ್ತಿಲ್ಲ.’

ಬೈಗುಳ ಬೀಳುತ್ತದೆ ಎಂದು ಕಾದಳು. ಮುತ್ತಮ್ಮನ ಕೈ ತಡಕಾಡಿ ಅವಳ ತಲೆಯ ಮೇಲೆ ಬಂತು.

‘ನಂಗೂ ಮರ್ತೋಗಿ ಸುಮಾರು ಕಾಲ ಆಯ್ತು ಮಗ. ಹೆತ್ತೋಳು ನಾನು, ಯಾರ್ ಹತ್ರ ಹೇಳ್ಲಿ? ನಿಂಗಾದ್ರೂ ನೆಪ್ಪಿರುತ್ತೆ ಅಂತ್ಲೇ ನಿನ್ನ ಕಳ್ಸಿದ್ದು.’

ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದರು. ಏಳುವ ಮೊದಲು ಸಿದ್ದಮ್ಮನೇ ಹೇಳಿದಳು, ‘ಈ ಸಲ ಅವ್ರಿಗೂ ಒಂದು ಎಲೆ ಹಾಕಾಣ ಅತ್ತೆ.’

ವರ್ಷವರ್ಷ ಅದನ್ನೇ ಬೇಡಿದ ಮುದುಕಿ ಈಗ ಹೆದರಿದಳು. ‘ಬದುಕಿದ್ರೆ?’

‘ಬದುಕಿದ್ರೆ ಬಂದು ಬೈಲಿ.’

ಅಮಾವಾಸ್ಯೆಯ ಸಂಜೆ ಎಲೆಗಳನ್ನು ಸಾಲಾಗಿ ಹಾಸಿದರು. ಕೋಳಿಸಾರು, ಕಡುಬು, ಒಂದು ಕುಡಿಕೆ ಹೆಂಡ. ತೀರಿಹೋದ ಗಂಡನನ್ನು ಪಕ್ಕದ ಮನೆಯವರಿಂದ ಕರೆಸಿ, ಮುತ್ತಮ್ಮ ಅವನ ತಂದೆತಾಯಿಯನ್ನು ಕರೆದಳು, ಮೈದುನನನ್ನು ಕರೆದಳು. ಕೊನೆಯ ಎಲೆಯ ಮುಂದೆ ಬಂದಾಗ ಅವಳ ತುಟಿ ಅಲುಗಿತೇ ಹೊರತು ದನಿ ಬರಲಿಲ್ಲ. ಎರಡು ಸಲ ಪ್ರಯತ್ನಪಟ್ಟು ಸೊಸೆಯ ಕಡೆ ತಿರುಗಿದಳು.

ಹೆಂಗಸರು ಗಂಡನ ಹೆಸರು ಹೇಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಮೇಸ್ತ್ರಿಗೆ, ಹಂದಿಗೆ ಬೈಯುತ್ತಿದ್ದ ಆ ಬಾಯಿಯಲ್ಲಿ ಆ ಒಂದು ಹೆಸರು ಯಾವತ್ತೂ ಬಂದದ್ದಿಲ್ಲ. ಸಿದ್ದಮ್ಮ ಸೆರಗು ಸರಿಪಡಿಸಿಕೊಂಡು ಎಲೆಯ ಮುಂದೆ ನಿಂತು, ಲೈನಿಗೆಲ್ಲ ಕೇಳುವ ಹಾಗೆ ಕೂಗಿದಳು.

‘ತಮ್ಮಯ್ಯ! ಒಳಗ್ ಬನ್ನಿ, ಊಟ ಮಾಡಿ!’

ಆಮೇಲೆ ಅತ್ತೆ ಸೊಸೆ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಂಡರು. ಸತ್ತವರು ಉಣ್ಣುವಾಗ ಬದುಕಿದವರು ಒಳಗೆ ಇರಬಾರದು. ಇಷ್ಟು ವರ್ಷ ಅವನು ಹೊರಗಿನಿಂದ ಬಂದಾನು ಎಂದು ಒಳಗೆ ಕೂತು ಕಿವಿಗೊಟ್ಟ ಸಿದ್ದಮ್ಮ, ಈಗ ಜಗಲಿಯಲ್ಲಿ ಕೂತು ಒಳಗಿನ ಸದ್ದಿಗೆ ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಮುತ್ತಮ್ಮ ಅಳುತ್ತಿದ್ದಳು, ಸಿದ್ದಮ್ಮನೂ ಅತ್ತಳು. ಬೇಗ ಬಾಗಿಲು ತೆಗೆದರೆ ಅವನು ಅರ್ಧ ಊಟಕ್ಕೆ ಎದ್ದುಬಿಟ್ಟಾನು ಎಂದು, ಇಬ್ಬರೂ ಅಲ್ಲಿಂದ ಏಳಲಿಲ್ಲ.